ಎರಡನೆಯ ಬಾಟಲಿ

ರೋಗಿಯ ರಕ್ತನಾಳಕ್ಕೆ ನೇರವಾಗಿ ಉಪ್ಪುನೀರನ್ನು ಹರಿಸಿ ಪ್ರಾಣ ಉಳಿಸಬಹುದೆಂಬುದನ್ನು ೧೮೩೨ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ ಕಾಲರಾ ರೋಗಿಗಳಲ್ಲಿ ತೋರಿಸಿಕೊಟ್ಟನು. ನಮ್ಮ ಹಳ್ಳಿಗಳಲ್ಲಿ 'ಗ್ಲೂಕೋಸ್ ಏರಿಸಿದರು' ಎನ್ನುವುದು ಆ ವಿಧಾನವನ್ನೇ. ಒಂದು ಬಾಟಲಿ ಹರಿಯುತ್ತಿರುವಾಗ ಅದಕ್ಕೆ ಇನ್ನೊಂದನ್ನು ಜೋಡಿಸುವುದು ಎಷ್ಟು ಎಚ್ಚರದ ಕೆಲಸವೆಂಬುದು ಕಲಾ ವಿಭಾಗದ ನನಗೆ ತಿಳಿದದ್ದು, ದಾದಿಯಾಗಿರುವ ನನ್ನ ಅಕ್ಕನಿಂದ. ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಜೋಡಣೆಯ ಕ್ರಮವನ್ನು ನೋಡೋಣ. ಬಹಳ ಹೊತ್ತು ಹರಿಯುವ ದ್ರವದ್ದು ಮುಖ್ಯ ಬಾಟಲಿ. ಆಂಟಿಬಯಾಟಿಕ್ ಮೊದಲಾದ ಔಷಧವನ್ನು ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಕೊಡಬೇಕಾದಾಗ, ೫೦ ಅಥವಾ ೧೦೦ ಮಿಲಿಲೀಟರಿನ ಎರಡನೆಯ ಬಾಟಲಿಯನ್ನು ಅದೇ ನಳಿಕೆಗೆ ಸೇರಿಸುತ್ತಾರೆ. ರೋಗಿಗೆ ಮತ್ತೊಂದು ಸೂಜಿಯ ನೋವು ತಪ್ಪುತ್ತದೆ. ಆಗ ಮುಖ್ಯ ಬಾಟಲಿಯನ್ನು ಸುಮಾರು ಒಂದು ಗೇಣು ಕೆಳಕ್ಕೆ ಇಳಿಸಬೇಕು. ಎತ್ತರದಲ್ಲಿರುವ ಔಷಧದ ಒತ್ತಡವು ಮುಖ್ಯ ನಳಿಕೆಯೊಳಗಿನ ಒಮ್ಮುಖ ಕವಾಟವನ್ನು ಮುಚ್ಚುತ್ತದೆ. ಔಷಧ ಇಳಿದು ಮುಗಿದೊಡನೆ ಕವಾಟ ತಾನಾಗಿ ತೆರೆದು, ಮುಖ್ಯ ದ್ರವ ಮತ್ತೆ ಹರಿಯತೊಡಗುತ್ತದೆ.

ಹಾಗಾದರೆ ತಪ್ಪಾಗುವುದೆಲ್ಲಿ? ಎರಡನೆಯ ನಳಿಕೆಯ ಕ್ಲಾಂಪನ್ನು ತೆರೆಯಲು ಮರೆತರೆ, ಪಂಪು ಮುಖ್ಯ ಬಾಟಲಿಯಿಂದಲೇ ದ್ರವವನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯ ಪಂಪಿಗೆ ಎಷ್ಟು ದ್ರವ ಸಾಗಿತೆಂಬುದು ಗೊತ್ತೇ ಹೊರತು ಯಾವ ಬಾಟಲಿಯದೆಂಬುದು ಗೊತ್ತಾಗದು. ಆದ್ದರಿಂದ ಗಂಟೆ ಬಾರಿಸುವುದಿಲ್ಲ. ಔಷಧ ಹೋಯಿತೆಂದೇ ಲೆಕ್ಕ ತೋರಿಸುತ್ತದೆ. ರಕ್ತಕ್ಕೆ ನಂಜೇರಿದ ರೋಗಿಗೆ ಈ ವಿಳಂಬ ಪ್ರಾಣಾಂತಿಕವಾಗಬಹುದು. ಮುಖ್ಯ ಬಾಟಲಿಯಲ್ಲಿ ಇನ್ಸುಲಿನ್ ಇದ್ದರಂತೂ, ಎರಡನೆಯದಕ್ಕೆಂದು ನಿಗದಿಪಡಿಸಿದ ವೇಗದಲ್ಲಿ ಅದು ಒಳಸೇರಿ ಅನಾಹುತವಾಗಬಹುದು. ಅಂಥ ನಳಿಕೆಗೆ ಎರಡನೆಯ ಬಾಟಲಿಯನ್ನು ಜೋಡಿಸಲೇಬಾರದು.

ಒಮ್ಮುಖ ಕವಾಟವಿಲ್ಲದ ನಳಿಕೆಯಾದರೆ ಔಷಧವು ಮುಖ್ಯ ಬಾಟಲಿಯ ಕಡೆಗೇ ಹಿಂದಿರುಗಬಹುದು. ಹೊಂದಿಕೆಯಾಗದ ದ್ರವಗಳು ಬೆರೆಯುವುದೂ ಅಪಾಯವೇ. ಉದಾಹರಣೆಗೆ, ಸೆಫ್ಟ್ರಿಯಾಕ್ಸೋನ್ ಎಂಬ ಔಷಧವು ಸುಣ್ಣದ ಅಂಶವುಳ್ಳ ರಿಂಗರ್ ಲ್ಯಾಕ್ಟೇಟ್ ದ್ರವದೊಡನೆ ಸೇರಿದರೆ ನಳಿಕೆಯಲ್ಲೇ ಹರಳುಗಟ್ಟಬಹುದು.

ಇವುಗಳಿಗೆ ಪರಿಹಾರ ದುಬಾರಿಯದಲ್ಲ. ಬಾಟಲಿಯಿಂದ ರೋಗಿಯ ತೋಳಿನವರೆಗೆ ನಳಿಕೆಯನ್ನು ಬೆರಳಿನಿಂದ ಹಿಡಿದು ನೋಡಬೇಕು. ಔಷಧದ ಹೆಸರು, ವೇಳೆಗಳ ಚೀಟಿ ಅಂಟಿಸಬೇಕು. ಕ್ಲಾಂಪು ತೆರೆದ ಮೇಲೆ, ಎರಡನೆಯ ಬಾಟಲಿಯ ಕೆಳಗೆ ಹನಿ ಬೀಳುತ್ತಿದೆ, ಮುಖ್ಯ ಬಾಟಲಿಯ ಕೆಳಗೆ ಬೀಳುತ್ತಿಲ್ಲ ಎಂಬುದನ್ನು ಕಣ್ಣಾರೆ ಕಂಡೇ ಮಂಚದಿಂದ ಕದಲಬೇಕು. ಕೆಲವು ನಿಮಿಷಗಳ ಬಳಿಕ ಮತ್ತೊಮ್ಮೆ ಬಂದು ನೋಡಬೇಕು. ಪಂಪಿಲ್ಲದ ವಾರ್ಡಿನಲ್ಲಿ, ಔಷಧ ಮುಗಿದ ಮೇಲೆ ಮುಖ್ಯ ದ್ರವದ ಹನಿಗಳನ್ನು ಎಣಿಸಿ ವೇಗವನ್ನು ಸರಿಪಡಿಸಬೇಕು.

ಇಂಥ ತಪ್ಪನ್ನು ದಾದಿಯ ಅಲಕ್ಷ್ಯವೆಂದು ಜರೆಯುವುದು ಸುಲಭ. ಆದರೆ ಒಬ್ಬಳೇ ಹತ್ತಾರು ಮಂಚಗಳನ್ನು ನೋಡಿಕೊಳ್ಳುವಾಗ, ತಾನಾಗಿ ಸದ್ದು ಮಾಡದ ತಪ್ಪು ಕಣ್ತಪ್ಪುವುದು ಸಹಜ. ತಕ್ಕ ಉಪಕರಣವನ್ನೂ ಸಾಕಷ್ಟು ಸಿಬ್ಬಂದಿಯನ್ನೂ ಒದಗಿಸುವುದು ಆಸ್ಪತ್ರೆಯ ಹೊಣೆ. ರೋಗಿಯ ಬಳಿ ಕೂರುವ ನಮ್ಮಂಥವರು ಕ್ಲಾಂಪನ್ನು ಮುಟ್ಟಕೂಡದು. ಆದರೆ ಮೇಲಿನ ಬಾಟಲಿ ತುಂಬಿದಂತೆಯೇ ಇದ್ದರೆ, "ಸಿಸ್ಟರ್, ಹನಿ ಬೀಳುತ್ತಿಲ್ಲವಲ್ಲಾ" ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ.