ಮೀನಿಗಿಂತ ಮೊದಲು ನೀರು: ಹೊಸ ಅಕ್ವೇರಿಯಂ ಸಿದ್ಧಪಡಿಸುವ ಬಗೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ - ಬೆಂಗಳೂರಿನ ಉತ್ತರ ಭಾಗದ ಈ ಬಡಾವಣೆಗಳಲ್ಲಿ ಬಣ್ಣದ ಮೀನು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಹೊಸದಾಗಿ ಅಕ್ವೇರಿಯಂ ಇಡಬೇಕೆಂದು ಹೊರಟವರು ಮೂರು ಅಂಗಡಿಗಳಲ್ಲಿ ವಿಚಾರಿಸಿದರೆ ಮೂರು ಬಗೆಯ ಉತ್ತರ ದೊರೆಯುವುದು ಸಾಮಾನ್ಯ. "ಇವತ್ತೇ ನೀರು ತುಂಬಿಸಿ, ಸಂಜೆಗೆ ಮೀನು ಬಿಡಿ" ಎನ್ನುತ್ತಾರೆ ಒಬ್ಬರು. "ನೀರು ಒಂದು ದಿನ ಹಾಗೇ ನಿಲ್ಲಲಿ, ಆಮೇಲೆ ಬನ್ನಿ" ಎನ್ನುತ್ತಾರೆ ಇನ್ನೊಬ್ಬರು. "ಒಂದು ತಿಂಗಳು ಮೀನಿನ ಮಾತೇ ಬೇಡ" ಎಂದು ಮೂರನೆಯವರು. ಹುಡುಗರು ಗೊಂದಲಕ್ಕೆ ಬೀಳುತ್ತಾರೆ. ಮನಸ್ಸಿಗೆ ಹಿತವಾದ ಮೊದಲನೆಯ ಸಲಹೆಯನ್ನೇ ಒಪ್ಪುತ್ತಾರೆ. ಎರಡನೆಯ ವಾರದಲ್ಲಿ ಮೀನುಗಳು ಒಂದೊಂದಾಗಿ ತೇಲುತ್ತವೆ. "ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ" ಎಂದು ಹಿರಿಯರು ತೀರ್ಪು ಕೊಟ್ಟು, ತೊಟ್ಟಿ ಅಟ್ಟ ಸೇರುತ್ತದೆ.

ಇಲ್ಲಿ ಯಾರು ಸರಿ, ಯಾರು ತಪ್ಪು? ಸ್ವಲ್ಪ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಒಂದು ದಿನ ಕಾಯಿರಿ ಎಂದವರು ಹೇಳುತ್ತಿರುವುದು ಕ್ಲೋರಿನ್ನಿನ ವಿಷಯ. ಒಂದು ತಿಂಗಳು ಎಂದವರು ಹೇಳುತ್ತಿರುವುದು ಬ್ಯಾಕ್ಟೀರಿಯಗಳ ವಿಷಯ. ಇಬ್ಬರ ಮಾತೂ ನಿಜವೇ. ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಆದ್ದರಿಂದ "ಎಷ್ಟು ದಿನ ಕಾಯಬೇಕು?" ಎಂದು ಕೇಳುವ ಮೊದಲು "ಯಾವುದಕ್ಕಾಗಿ ಕಾಯಬೇಕು?" ಎಂದು ಕೇಳಬೇಕು.

ತೊಟ್ಟಿಗಾಗಿ ಒಂದು ದಿನ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಘನ ಅಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಮೇಲೆ ಸ್ವಲ್ಪ ಜಾಗ ಬಿಟ್ಟರೆ ಈ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು, ಅಂದರೆ 50 ಕಿಲೋಗ್ರಾಂ ಭಾರ. ಗಾಜು, ಕಲ್ಲು, ಮರಳಿನ ತೂಕ ಬೇರೆ. ಹೀಗಾಗಿ ಅಲುಗಾಡದ, ಸಮತಟ್ಟಾದ ಮೇಜು ಬೇಕು. ಗಾಜಿನ ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಿದರೆ ಭಾರ ಒಂದೇ ಕಡೆ ಒತ್ತುವುದಿಲ್ಲ. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ನೀರು ಬಿಸಿಯೇರುತ್ತದೆ, ಪಾಚಿ ಬೆಳೆಯುತ್ತದೆ.

ತೊಟ್ಟಿಯನ್ನು ಬರಿಯ ನೀರಿನಿಂದ ತೊಳೆಯಿರಿ. ಸಾಬೂನು ಖಂಡಿತ ಕೂಡದು. ಅನಂತರ ನೀರು ತುಂಬಿಸಿ ಒಂದು ದಿನ ಬಿಟ್ಟು, ಸೋರುವುದೇ ಎಂದು ನೋಡಿ. ತಳಕ್ಕೆ ಹಾಕುವ ಹರಳುಕಲ್ಲನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಒಂದೆರಡು ಕಲ್ಲುಗಳ ಮೇಲೆ ನಿಂಬೆರಸ ಹಿಂಡಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಅಂಥ ಕಲ್ಲು ನೀರನ್ನು ಕ್ರಮೇಣ ಗಡಸಾಗಿಸುತ್ತದೆ.

ನೀರಿಗಾಗಿ ಇನ್ನೊಂದು ದಿನ

ನಗರದ ನಲ್ಲಿಗಳಿಗೆ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಮೂಲಕ ಏರಿ ಬರುತ್ತದೆ. ದಾರಿಯಲ್ಲಿ ರೋಗಾಣು ಬೆಳೆಯದಂತೆ ಅದಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ನಲ್ಲಿಯ ಕೊನೆಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ರಕ್ಷೆಯಾದ ಇದೇ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಬಾಯಗಲದ ಪಾತ್ರೆಯಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು, ಸಾಧ್ಯವಾದರೆ ಗಾಳಿ ಪಂಪಿನಿಂದ ಕಲಕಿದರೆ ಅದು ಹಾರಿಹೋಗುತ್ತದೆ. ಅವಸರವಿದ್ದವರು ಹೈಪೋ ಹರಳುಗಳನ್ನು ಬಳಸುತ್ತಾರೆ. ಹಿಂದೆ ಛಾಯಾಚಿತ್ರದ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಇದೇ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಏಳು ಮಿಲಿಗ್ರಾಂ ಹೈಪೋ ಸಾಕು. ಕ್ಲೋರಿನ್ ಮತ್ತು ಅಮೋನಿಯ ಕೂಡಿದ ಕ್ಲೋರಮೀನ್ ನೀರಿನಲ್ಲಿದ್ದರೆ ಮಾತ್ರ ಒಂದು ದಿನ ತೆರೆದಿಟ್ಟರೆ ಅದು ಹೋಗುವುದಿಲ್ಲ.

ಕೊಳವೆ ಬಾವಿಯ ನೀರಿನ ಕಥೆ ಬೇರೆ. ಸಂಸ್ಕರಿಸದ ಆ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ಲವಣಗಳು ಹೆಚ್ಚು, ಕರಗಿದ ಆಮ್ಲಜನಕ ಕಡಿಮೆ. ಅದಕ್ಕೂ ಗಾಳಿಯಾಡಿಸುವುದು ಅಗತ್ಯ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದಕ್ಕೆ ಕಾವೇರಿ, ಇನ್ನೊಂದಕ್ಕೆ ಟ್ಯಾಂಕರಿನ ನೀರು ಇರಬಹುದು. ಸಲಹೆಗಳು ಬೇರೆಯಾಗಲು ಇದೂ ಒಂದು ಕಾರಣ.

ಕಣ್ಣಿಗೆ ಕಾಣದ ಕೆಲಸಗಾರರಿಗಾಗಿ ಒಂದು ತಿಂಗಳು

ಈಗ ಮೂರನೆಯ, ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗ ಅದರ ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಉಳಿದ ಆಹಾರ, ಮಲ, ಕೊಳೆತ ಎಲೆ ಸಹ ಅಮೋನಿಯವನ್ನೇ ಕೊಡುತ್ತವೆ. ನದಿಯಲ್ಲಾದರೆ ಅದು ತೇಲಿ ಹೋಗುತ್ತದೆ. 50 ಲೀಟರಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು?

ಅಮೋನಿಯ ಎಷ್ಟು ವಿಷಕಾರಿ ಎನ್ನುವುದು ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ಇದನ್ನು ಅಳೆಯುವ ಮಾನ ಪಿಎಚ್. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಶೇಕಡಾ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಉಳಿದದ್ದು ಅಷ್ಟಾಗಿ ಹಾನಿ ಮಾಡದ ಅಮೋನಿಯಂ ಅಯಾನು. ಪಿಎಚ್ 8ಕ್ಕೆ ಏರಿದರೆ ಈ ಪಾಲು ಶೇಕಡಾ 5ನ್ನು ದಾಟುತ್ತದೆ, ಅಂದರೆ ಸುಮಾರು ಒಂಬತ್ತು ಪಟ್ಟು ಹೆಚ್ಚು. ಮೆದು ನೀರಿನಲ್ಲಿ ಹೇಗೋ ಬದುಕಿದ ಮೀನು ಪಿಎಚ್ ಹೆಚ್ಚಿರುವ ಗಡಸು ನೀರಿನಲ್ಲಿ ಸಾಯಬಹುದು. "ನಾನು ಮೊದಲ ದಿನವೇ ಬಿಟ್ಟೆ, ಏನೂ ಆಗಲಿಲ್ಲ" ಎಂದು ಒಬ್ಬರು ಹೇಳಿದ ಮಾತ್ರಕ್ಕೆ ಅದು ಎಲ್ಲರಿಗೂ ನಿಯಮವಾಗುವುದಿಲ್ಲ.

ಈ ವಿಷವನ್ನು ತಿಂದು ಬದುಕುವ ಜೀವಿಗಳಿವೆ. ಒಂದು ಗುಂಪಿನ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೈಟ್ ಸಹ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರಪಾಯಕಾರಿ. ಅದನ್ನು ಗಿಡಗಳು ಹೀರುತ್ತವೆ; ಉಳಿದದ್ದನ್ನು ನಾವು ನೀರು ಬದಲಿಸಿ ತೆಗೆಯುತ್ತೇವೆ.

ಈ ಸೂಕ್ಷ್ಮಾಣುಗಳ ಕೆಲಸವನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟರು. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರ ಎಂಬ ಬೇರೊಂದು ಗುಂಪು ಎಂದು 1998ರಲ್ಲಿ ತಿಳಿದುಬಂತು. ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದು ಎಂಬುದು 2015ರಲ್ಲಿ ಪ್ರಕಟವಾಯಿತು. ವಿಜ್ಞಾನದ ತಿಳಿವಳಿಕೆಯೇ ಹೀಗೆ ಬೆಳೆಯುತ್ತಿರುವಾಗ ಅಂಗಡಿಯ ಮಾತುಗಳಲ್ಲಿ ಹಳೆಯದೂ ಹೊಸದೂ ಬೆರೆತಿರುವುದು ಆಶ್ಚರ್ಯವಲ್ಲ.

ಇವುಗಳಿಗೆ ತಿಂಗಳು ಏಕೆ ಬೇಕು? ಹಾಲಿಗೆ ಹೆಪ್ಪು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಮೊಸರಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಬೇಗ ಬೇಗ ಇಮ್ಮಡಿಯಾಗುತ್ತವೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಗಳು ಒಮ್ಮೆ ಇಮ್ಮಡಿಯಾಗಲು ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಬೇಕು. ಅದರಲ್ಲೂ ನೈಟ್ರೈಟ್ ತಿನ್ನುವವು, ಮೊದಲ ಗುಂಪು ತಮ್ಮ ಆಹಾರವನ್ನು ತಯಾರಿಸುವವರೆಗೆ ಕಾದಿರಬೇಕು. ಚಳಿಗಾಲದಲ್ಲಿ ಮೊಸರು ತಡವಾಗಿ ಹೆಪ್ಪುಗಟ್ಟುವಂತೆ, ಡಿಸೆಂಬರ್-ಜನವರಿಯ ಬೆಂಗಳೂರಿನಲ್ಲಿ ಈ ಕೆಲಸವೂ ನಿಧಾನ.

ಜಕ್ಕೂರು ಕೆರೆಯ ಪಾಠ

ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಹೆಬ್ಬಾಳದಿಂದ ಯಲಹಂಕದ ಕಡೆ ಹೋಗುವಾಗ ಸಿಗುವ ಜಕ್ಕೂರು ಕೆರೆಗೆ ಹೋಗಬಹುದು. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರಿನ ಶುದ್ಧೀಕರಣ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಅದು ಆರಂಭವಾಯಿತು. ಇಂಥ ಘಟಕಗಳಲ್ಲಿ ಕೊಳಚೆಗೆ ಗಾಳಿಯಾಡಿಸಿ ಬ್ಯಾಕ್ಟೀರಿಯಗಳನ್ನು ಸಾಕುತ್ತಾರೆ. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಬರುವಂತೆ ಏರ್ಪಾಡು ಮಾಡಲಾಗಿದೆ. ಜೊಂಡಿನ ಬೇರುಗಳಿಗೆ ಅಂಟಿದ ಸೂಕ್ಷ್ಮಾಣುಗಳು ಅಮೋನಿಯವನ್ನು ಮಾರ್ಪಡಿಸುತ್ತವೆ. ಗಿಡಗಳು ಸಾರಜನಕವನ್ನು ಹೀರುತ್ತವೆ. ಅನಂತರವೇ ಆ ನೀರು ಮೀನು, ಹಕ್ಕಿಗಳಿರುವ ಕೆರೆಗೆ ಸೇರುವುದು.

ಅಕ್ವೇರಿಯಂನಲ್ಲಿ ಗಾಳಿ ಪಂಪು, ಸ್ಪಂಜು ಫಿಲ್ಟರ್ ಮತ್ತು ನೀರುಗಿಡಗಳು ಮಾಡುವುದು ಇದನ್ನೇ. ಕಚ್ಚಾ ಕೊಳಚೆ ನೇರವಾಗಿ ನುಗ್ಗಿದ ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸಾಯುವ ಸುದ್ದಿ ನಮಗೆ ಹೊಸದಲ್ಲ. ಅಲ್ಲಿ ಆಮ್ಲಜನಕ ತೀರಿಹೋಗುತ್ತದೆ, ಅಮೋನಿಯ ಏರುತ್ತದೆ. ತೊಟ್ಟಿಯ ಲೆಕ್ಕ ತಿಳಿದವರಿಗೆ ಕೆರೆಯ ಕಷ್ಟವೂ ಅರ್ಥವಾಗುತ್ತದೆ.

ಮಾಡುವ ವಿಧಾನ

ಮೀನಿಲ್ಲದೆಯೇ ಬ್ಯಾಕ್ಟೀರಿಯಗಳನ್ನು ಬೆಳೆಸುವುದು ದಯೆಯ ದಾರಿ. ಕ್ಲೋರಿನ್ ಹೋದ ನೀರು ತುಂಬಿಸಿ, ಸ್ಪಂಜು ಫಿಲ್ಟರನ್ನು ಹಗಲಿರುಳೂ ನಡೆಸಿ. ಪ್ರತಿದಿನ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯ ಹುಟ್ಟುತ್ತದೆ. ಕಾಲೇಜು ವಿದ್ಯಾರ್ಥಿಗಳು ಹೆಚ್ಚು ನಿಖರವಾಗಿ ಮಾಡಬಹುದು. ರಸಾಯನಶಾಸ್ತ್ರದ ಅಧ್ಯಾಪಕರ ನೆರವಿನಿಂದ ಶುದ್ಧ ಅಮೋನಿಯಂ ಕ್ಲೋರೈಡ್ ಪಡೆದು, 3 ಗ್ರಾಂ ಅನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಈ ದ್ರಾವಣದ 10 ಮಿಲಿಲೀಟರನ್ನು 50 ಲೀಟರಿನ ತೊಟ್ಟಿಗೆ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಆಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ಲವಣ. ಆದರೆ ಅದರಲ್ಲಿ ಕಲ್ಮಶಗಳಿರಬಹುದು, ತೊಟ್ಟಿಗೆ ಬೇಡ.

ಎರಡು ಮೂರು ದಿನಕ್ಕೊಮ್ಮೆ ಹನಿ ಪರೀಕ್ಷೆಯ ಕಿಟ್ಟಿನಿಂದ ಅಮೋನಿಯ, ನೈಟ್ರೈಟ್, ನೈಟ್ರೇಟ್‌ಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡಿ. ಅಮೋನಿಯ ಇಳಿದು ಹೋದಾಗ ಮತ್ತೆ ಅಷ್ಟೇ ಹಾಕಿ. ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಅನಂತರ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಹಾಕಿದ ಅಮೋನಿಯ 24 ಗಂಟೆಗಳೊಳಗೆ ಮಾಯವಾಗಿ, ನೈಟ್ರೈಟ್ ಸಹ ಸೊನ್ನೆಯಾದ ದಿನ ತೊಟ್ಟಿ ಸಿದ್ಧ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ದಿನಾಂಕವನ್ನು ನಂಬಬೇಡಿ, ಅಳತೆಯನ್ನು ನಂಬಿ.

ಅಂಗಡಿಯ ಇನ್ನೂ ಕೆಲವು ಮಾತುಗಳು

"ಈ ಬಾಟಲಿ ಸುರಿಯಿರಿ, ಕಾಯುವುದೇ ಬೇಡ." ಬಾಟಲಿಯಲ್ಲಿ ಜೀವಂತವಾಗಿರುವ ಸರಿಯಾದ ಬ್ಯಾಕ್ಟೀರಿಯಗಳಿದ್ದರೆ ಕಾಲ ಉಳಿಯುತ್ತದೆ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇದ್ದ ಬಾಟಲಿಯಾದರೆ ಹೇಳಲಾಗದು. ಪರೀಕ್ಷೆ ಮಾಡಿಯೇ ತಿಳಿಯಬೇಕು. ರೋಗವಿಲ್ಲದ ಹಳೆಯ ಅಕ್ವೇರಿಯಂ ಇರುವ ಸ್ನೇಹಿತರಿಂದ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹಾಕಿದರೆ ಅದೇ ಒಳ್ಳೆಯ ಹೆಪ್ಪು.

"ನೀರು ತಿಳಿಯಾಗಿದೆ, ಮೀನು ಬಿಡಿ." ಅಮೋನಿಯಕ್ಕೆ ಬಣ್ಣವಿಲ್ಲ. ತಿಳಿಯಾದ ನೀರು ಒಳ್ಳೆಯ ನೀರು ಎಂದೇನೂ ಅಲ್ಲ. ಹಾಗೆಯೇ ಮೊದಲ ವಾರದಲ್ಲಿ ನೀರು ಹಾಲಿನಂತೆ ಮಬ್ಬಾದರೆ ಗಾಬರಿ ಬೇಡ. ಬೇರೆ ಬ್ಯಾಕ್ಟೀರಿಯಗಳು ಒಮ್ಮೆಲೇ ಬೆಳೆದು ತಾವಾಗಿ ಇಳಿಯುತ್ತವೆ.

"ಒಂದು ಹಿಡಿ ಉಪ್ಪು ಹಾಕಿ." ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ, ಅಷ್ಟರಮಟ್ಟಿಗೆ ನಿಜ. ಆದರೆ ಅದು ಅಮೋನಿಯವನ್ನು ತೆಗೆಯುವುದಿಲ್ಲ, ಗಿಡಗಳಿಗೆ ಒಗ್ಗುವುದೂ ಇಲ್ಲ.

"ವಾರಕ್ಕೊಮ್ಮೆ ಎಲ್ಲವನ್ನೂ ತೆಗೆದು ತೊಳೆಯಿರಿ." ಇದು ಅತ್ಯಂತ ಹಾನಿಕರ. ಬ್ಯಾಕ್ಟೀರಿಯಗಳು ಇರುವುದು ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ. ನೀರಿನಲ್ಲಿ ಬಹಳ ಕಡಿಮೆ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಸ್ಪಂಜನ್ನು ಉಜ್ಜಿದರೆ ತಿಂಗಳ ಶ್ರಮ ಗಳಿಗೆಯಲ್ಲಿ ಹೋಗುತ್ತದೆ. ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿ, ತೆಗೆದ ಆ ಹಳೆಯ ನೀರಿನಲ್ಲೇ ಸ್ಪಂಜನ್ನು ಮೆಲ್ಲಗೆ ಹಿಂಡಿದರೆ ಸಾಕು.

ಮೀನು ಬರುವ ದಿನ

ತೊಟ್ಟಿ ಸಿದ್ಧವಾದ ಮೇಲೆ ಅರ್ಧದಷ್ಟು ನೀರು ಬದಲಿಸಿ, ಸಂಗ್ರಹವಾದ ನೈಟ್ರೇಟನ್ನು ಕಡಿಮೆ ಮಾಡಿ. ಮೊದಲು ಎರಡೋ ಮೂರೋ ಚಿಕ್ಕ ಮೀನು ಮಾತ್ರ ತನ್ನಿ. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾಗಲಿ. ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ ಮೀನನ್ನು ಬಿಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಸಾಕಲಾಗದೆ ಹೋದ ಮೀನನ್ನು ಹೆಬ್ಬಾಳ, ಜಕ್ಕೂರು ಯಾವ ಕೆರೆಗೂ ಬಿಡಕೂಡದು. ಪರದೇಶದ ಮೀನು ನಮ್ಮ ಕೆರೆಗಳ ಮೀನಿಗೆ ಕಂಟಕವಾಗಬಹುದು. ಅಂಗಡಿಗೋ ಸ್ನೇಹಿತರಿಗೋ ಕೊಡಿ.

ವಿದ್ಯಾರ್ಥಿಗಳೇ, ಸಲಹೆ ಕೊಡುವವರು ಬಹಳ ಮಂದಿ ಇದ್ದಾಗ ಯಾರ ದನಿ ದೊಡ್ಡದು ಎಂದು ನೋಡಬೇಕಾಗಿಲ್ಲ. ಈ ಸಲಹೆ ಯಾವ ಕಾರಣಕ್ಕೆ, ಯಾವ ನೀರಿಗೆ, ಹೇಗೆ ಪರೀಕ್ಷಿಸುವುದು - ಈ ಮೂರು ಪ್ರಶ್ನೆ ಕೇಳಿದರೆ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯುತ್ತದೆ. ಆ ಒಂದು ತಿಂಗಳು ತೊಟ್ಟಿಯಲ್ಲಿ ಬರಿಯ ನೀರೇ ಕಾಣಿಸಬಹುದು. ನಿಮ್ಮ ಪುಸ್ತಕದಲ್ಲಿ ಏರಿ ಇಳಿಯುವ ಅಂಕಿಗಳು ಮಾತ್ರ ಅಲ್ಲಿ ಜೀವ ನೆಲೆಗೊಳ್ಳುತ್ತಿರುವುದನ್ನು ಹೇಳುತ್ತಿರುತ್ತವೆ.