ಮೂನ್‌ಲೈಟ್ ಗೆದ್ದದ್ದು ಹೇಗೆ?

ಪ್ರಶ್ನೆ: 2017ರಲ್ಲಿ ‘ಲಾ ಲಾ ಲ್ಯಾಂಡ್’ ನಿರ್ದೇಶಕರಿಗೆ ಆಸ್ಕರ್ ಬಂತು, ಅತ್ಯುತ್ತಮ ಚಿತ್ರ ಪ್ರಶಸ್ತಿ ಮಾತ್ರ ‘ಮೂನ್‌ಲೈಟ್’ ಪಾಲಾಯಿತು. ಗೆಳೆಯರಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಇದು ಹೇಗೆ ಸಾಧ್ಯ?

ಉತ್ತರ: ಎರಡೂ ಪ್ರಶಸ್ತಿಗಳ ಮತ ಎಣಿಕೆಯೇ ಬೇರೆ. ನಿರ್ದೇಶಕರ ವಿಭಾಗದಲ್ಲಿ ಹೆಚ್ಚು ಮತ ಪಡೆದವರು ಗೆದ್ದರು, ಅಷ್ಟೆ. ಅತ್ಯುತ್ತಮ ಚಿತ್ರಕ್ಕಾದರೋ ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಕಣದಲ್ಲಿರುವ ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುತ್ತಾರೆ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಪ್ರಥಮ ಮತ ಬೀಳದಿದ್ದರೆ, ಕಡೆಯಲ್ಲಿರುವ ಚಿತ್ರವನ್ನು ಕೈಬಿಟ್ಟು ಅದರ ಮತಪತ್ರಗಳನ್ನು ಅವುಗಳಲ್ಲಿನ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಒಂದು ಚಿತ್ರ ಅರ್ಧ ದಾಟುವವರೆಗೂ ಇದೇ ಕೆಲಸ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳ ಪ್ರಾಶಸ್ತ್ಯ ಮತ ನೆನೆಸಿಕೊಳ್ಳಿ.

ಹೀಗಾಗಿ, ಕೆಲವರು ತಲೆಯ ಮೇಲೆ ಹೊತ್ತು ಉಳಿದವರು ಮೂಗು ಮುರಿಯುವ ಚಿತ್ರಕ್ಕಿಂತ, ಬಹಳ ಜನರ ಎರಡನೆಯ, ಮೂರನೆಯ ಆಯ್ಕೆಯಾದ ಚಿತ್ರಕ್ಕೆ ಅನುಕೂಲ. ಆ ವರ್ಷವೂ ಹೀಗೇ ಆಯಿತೆಂದು ಆಣೆ ಮಾಡಲಾಗದು. ಅಕಾಡೆಮಿ ಮತಗಳ ಲೆಕ್ಕ ಬಿಟ್ಟುಕೊಡುವುದಿಲ್ಲ. ಅಂದು ಅತ್ಯುತ್ತಮ ಚಿತ್ರವೆಂದು ವೇದಿಕೆಯಲ್ಲಿ ಮೊದಲು ‘ಲಾ ಲಾ ಲ್ಯಾಂಡ್’ ಹೆಸರನ್ನು ತಪ್ಪಾಗಿ ಓದಿದ್ದಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ಅದು ಲಕೋಟೆ ಅದಲುಬದಲಾದ ಎಡವಟ್ಟು.