ರಾಮೆನ್ ಕಲಿಯುವ ಪ್ರವಾಸಿಗೆ ಒತ್ತು ಶಾವಿಗೆಯ ಪಾಠ

ಮಂಡ್ಯ: ಪ್ರವಾಸವೆಂದರೆ ನೋಡುವುದು, ತಿನ್ನುವುದು, ಕೊಳ್ಳುವುದು ಎಂಬಷ್ಟಕ್ಕೇ ಸೀಮಿತವಾಗಿದ್ದ ಕಾಲವೊಂದಿತ್ತು. ಈಗ ಆ ಪಟ್ಟಿಗೆ ಕಲಿಯುವುದೂ ಸೇರಿದೆ. ಜಪಾನಿಗೆ ಹೋದವರು ದೇವಾಲಯ, ಬುಲೆಟ್ ರೈಲುಗಳ ಜೊತೆಗೆ ಎರಡು-ಮೂರು ಗಂಟೆಯ ರಾಮೆನ್ ತರಗತಿಗೂ ಸೇರುತ್ತಾರೆ. ಏಪ್ರನ್ ಕಟ್ಟಿಕೊಂಡು ಹಿಟ್ಟು ನಾದಿ, ಎಳೆ ಕತ್ತರಿಸಿ, ತಾವೇ ಮಾಡಿದ್ದನ್ನು ತಾವೇ ಉಂಡು ಬರುತ್ತಾರೆ. ಬೆಂಗಳೂರಿನಲ್ಲಿಯೂ ರಾಮೆನ್ ಈಗ ಅಪರಿಚಿತ ತಿನಿಸಲ್ಲ.

ಆದರೆ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಮಂಡ್ಯ ಸೀಮೆಗೂ ತನ್ನದೇ ಆದ ಎಳೆಯ ಅಡುಗೆಯೊಂದಿದೆ. ಅದು ಒತ್ತು ಶಾವಿಗೆ. ರಾಮೆನ್‌ನಷ್ಟೇ ನಾಜೂಕಿನ, ಕೆಲವು ವಿಷಯಗಳಲ್ಲಿ ಅದಕ್ಕಿಂತ ಕಠಿಣವಾದ ಕೆಲಸವದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಅಡುಗೆಮನೆಗಳಲ್ಲಿ ಒಂದು ದಿನ ಕಲಿಯಲು ಕುಳಿತವರಿಗೆ ಹಿಟ್ಟು, ನೀರು ಮತ್ತು ಬೆಂಕಿಯ ಸಂಬಂಧದ ಬಗ್ಗೆ ಯೊಕೊಹಾಮಾದಲ್ಲಿ ತಿಳಿಯದ ಕೆಲವು ಸಂಗತಿಗಳು ತಿಳಿಯುತ್ತವೆ.

ರಾಮೆನ್ ತರಗತಿಯಲ್ಲಿ ಕಲಿಸುವುದೇನು?

ರಾಮೆನ್ ಮೂಲತಃ ಚೀನಾದಿಂದ ಜಪಾನಿಗೆ ಬಂದ ಗೋಧಿ ಎಳೆ. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ಆರಂಭವಾದ ರೈರೈಕೆನ್ ಎಂಬ ಉಪಾಹಾರ ಗೃಹ ಇದನ್ನು ಜನಪ್ರಿಯಗೊಳಿಸಿದ ಮೊದಲಿನವುಗಳಲ್ಲಿ ಒಂದು. 1958ರಲ್ಲಿ ಮೊಮೊಫುಕು ಆಂಡೊ ಎಂಬಾತ ಎಳೆಗಳನ್ನು ಎಣ್ಣೆಯಲ್ಲಿ ಕರಿದು ಒಣಗಿಸುವ ವಿಧಾನದಿಂದ ದಿಢೀರ್ ರಾಮೆನ್ ತಯಾರಿಸಿದ. 1983ರಲ್ಲಿ ಭಾರತಕ್ಕೆ ಬಂದ ಮ್ಯಾಗಿಯೂ ಇದೇ ದಿಢೀರ್ ನೂಡಲ್ಸ್ ವಂಶದ್ದು. ಯೊಕೊಹಾಮಾದಲ್ಲಿ 2011ರಲ್ಲಿ ಆರಂಭವಾದ ಕಪ್ ನೂಡಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಸಹ ಹಿಟ್ಟು ನಾದಿ, ಲಟ್ಟಿಸಿ, ಹಬೆಯಲ್ಲಿ ಬೇಯಿಸಿ ರಾಮೆನ್ ಮಾಡಿ ಕಲಿಯುತ್ತಾರೆ.

ಹೊಸಬರಿಗೆ ಅಲ್ಲಿ ಕಲಿಸುವ ಮುಖ್ಯ ಪಾಠ ಒಂದೇ: ಗೋಧಿಯ ಹಿಟ್ಟಿಗೆ ಬಿಗಿ ಬರಿಸುವುದು. ಗೋಧಿಯಲ್ಲಿರುವ ಪ್ರೋಟೀನ್‌ಗಳು ನೀರು ಮತ್ತು ನಾದುವಿಕೆಯಿಂದ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಎಳೆಯುವ, ಹಿಗ್ಗುವ ಜಾಲವಾಗುತ್ತವೆ. ರಾಮೆನ್ ಹಿಟ್ಟಿಗೆ ಇದರ ಮೇಲೆ ಕನ್ಸುಯ್ ಎಂಬ ಕ್ಷಾರದ ನೀರನ್ನು ಬೆರೆಸುತ್ತಾರೆ. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್‌ಗಳ ಈ ದ್ರಾವಣ ಜಾಲವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಎಳೆಗೆ ತೆಳು ಹಳದಿ ಬಣ್ಣವೂ, ಹಲ್ಲಿಗೆ ಪುಟಿಯುವ ಗುಣವೂ ಬರುವುದು ಇದರಿಂದಲೇ. ನೀರಿನ ಪ್ರಮಾಣ ಕಡಿಮೆ. ಹಿಟ್ಟಿನ ತೂಕದ ಮೂರನೇ ಒಂದು ಭಾಗದಷ್ಟು ಎನ್ನಬಹುದು. ಹಿಟ್ಟನ್ನು ಮೊದಲು ಎಳೆಯಾಗಿಸಿ, ನಂತರ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿದರೆ ಕೆಲಸ ಮುಗಿಯಿತು.

ಅಕ್ಕಿಗೆ ಈ ಬಂಧವಿಲ್ಲ

ಈ ಪಾಠವನ್ನು ಹಾಗೆಯೇ ಮಂಡ್ಯಕ್ಕೆ ತಂದರೆ ಸೋಲು ಖಚಿತ. ಏಕೆಂದರೆ ಈ ಸೀಮೆಯ ಧಾನ್ಯಗಳು ಅಕ್ಕಿ ಮತ್ತು ರಾಗಿ. ಎರಡರಲ್ಲಿಯೂ ಗ್ಲುಟೆನ್ ಇಲ್ಲ. ಅಕ್ಕಿ ಹಿಟ್ಟಿಗೆ ತಣ್ಣೀರು ಹಾಕಿ ಎಷ್ಟು ಹೊತ್ತು ನಾದಿದರೂ ಅದು ಎಳೆಯಾಗದು. ಕುದಿಯುವ ನೀರಿಗೆ ಬಿಟ್ಟರೆ ಕರಗಿ ಗಂಜಿಯಾದೀತು.

ಇದಕ್ಕೆ ಇಲ್ಲಿನ ಗೃಹಿಣಿಯರು ಕಂಡುಕೊಂಡ ದಾರಿ ಸರಳವೂ ಹೌದು, ಜಾಣತನದ್ದೂ ಹೌದು. ರಾಮೆನ್‌ನಲ್ಲಿ ರೂಪ ಮೊದಲು, ಬೇಯುವುದು ಆಮೇಲೆ. ಒತ್ತು ಶಾವಿಗೆಯಲ್ಲಿ ಬೇಯುವುದು ಮೊದಲು, ರೂಪ ಆಮೇಲೆ. ಪ್ರೋಟೀನ್ ಮಾಡದ ಕೆಲಸವನ್ನು ಇಲ್ಲಿ ಪಿಷ್ಟದಿಂದ ಮಾಡಿಸಲಾಗುತ್ತದೆ. ಅಕ್ಕಿಯ ತಳಿಯನ್ನನುಸರಿಸಿ ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಆ ಅಂಟೇ ಎಳೆಯನ್ನು ಹಿಡಿದಿಡುತ್ತದೆ.

ಮೊದಲು ಬೇಯಿಸಿ, ಆಮೇಲೆ ಒತ್ತಿ

ವಿಧಾನ ಮನೆಯಿಂದ ಮನೆಗೆ ತುಸು ಬದಲಾಗುವುದುಂಟು. ಸಾಮಾನ್ಯ ಕ್ರಮ ಹೀಗಿದೆ: ಹಳೆಯ ಅಕ್ಕಿಯನ್ನು ತೊಳೆದು, ನೆರಳಿನಲ್ಲಿ ಆರಿಸಿ, ನುಣ್ಣಗೆ ಬೀಸಿದ ಹಿಟ್ಟು ಬೇಕು. ಹೊಸ ಅಕ್ಕಿ ಬೇಗ ಮುದ್ದೆಗಟ್ಟಿ ಕೈಗೆ ಅಂಟುವುದರಿಂದ ಅದನ್ನು ಬಳಸುವುದಿಲ್ಲ. ಒಂದು ಲೋಟ ಹಿಟ್ಟಿಗೆ ಸುಮಾರು ಒಂದೂಕಾಲು ಲೋಟ ನೀರನ್ನು ಉಪ್ಪು, ಚಮಚ ಎಣ್ಣೆಯೊಂದಿಗೆ ಕುದಿಸಿ, ಹಿಟ್ಟು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ನಂತರ ಗಂಟಿಲ್ಲದಂತೆ ತಿರುವಿ, ನೀರು ಮುಟ್ಟಿಸಿದ ಕೈಯಿಂದ ಮಿದ್ದು ಉಂಡೆ ಕಟ್ಟಬೇಕು. ಈ ಉಂಡೆಗಳನ್ನು ಮತ್ತೆ ಕುದಿಯುವ ನೀರಿಗೆ ಬಿಡುವುದು ಅಥವಾ ಹಬೆಯಲ್ಲಿಡುವುದು ಎರಡನೆಯ ಹಂತ. ನೀರಿನಲ್ಲಿ ಉಂಡೆ ಮೇಲಕ್ಕೆ ತೇಲಿದರೆ ಬೆಂದಿದೆಯೆಂದು ತಿಳಿಯಬೇಕು.

ಮೂರನೆಯ ಹಂತವೇ ಹೊಸಬರ ಪರೀಕ್ಷೆ. ಉಂಡೆ ಬಿಸಿಯಿರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ತಣ್ಣಗಾದ ಪಿಷ್ಟ ಗಟ್ಟಿಯಾಗಿ ತೂತುಗಳಿಂದ ಇಳಿಯುವುದಿಲ್ಲ. ಬಲವಂತ ಮಾಡಿದರೆ ಎಳೆ ತುಂಡಾಗುತ್ತದೆ. ಹಳೆಯ ಮನೆಗಳಲ್ಲಿ ಮೂರು ಕಾಲಿನ ಮರದ ಒರಳು, ಅದರ ಮೇಲೆ ಉದ್ದನೆಯ ಹಿಡಿಯ ಸನ್ನೆ ಇರುತ್ತಿತ್ತು. ಒಬ್ಬರು ಸನ್ನೆಯ ಮೇಲೆ ಭಾರ ಹಾಕಿದರೆ, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಸುತ್ತು ಸುತ್ತಾಗಿ ಎಳೆ ಹಿಡಿಯುತ್ತಿದ್ದರು. ಈಗ ತಿರುಪಿನ ಒರಳುಗಳು ಬಂದಿವೆ. ಆದರೂ ಇದು ಒಂಟಿ ಕೈಯ ಕೆಲಸವಲ್ಲ. ಒತ್ತು ಶಾವಿಗೆ ಹಬ್ಬಕ್ಕೆ, ನೆಂಟರು ಬಂದ ದಿನಕ್ಕೆ ಮೀಸಲಾದದ್ದಕ್ಕೆ ಇದೂ ಒಂದು ಕಾರಣ: ಮನೆಯಲ್ಲಿ ಕೈಗಳು ಹೆಚ್ಚಿದ್ದಾಗಲೇ ಅದು ಸಾಧ್ಯ.

ರಾಮೆನ್‌ಗೆ ಸಾರು ಹೇಗೋ ಶಾವಿಗೆಗೆ ಕಾಯಿಹಾಲು ಹಾಗೆ. ತೆಂಗಿನಕಾಯಿಗೆ ಗಸಗಸೆ, ಏಲಕ್ಕಿ ಸೇರಿಸಿ ರುಬ್ಬಿ ಹಾಲು ಹಿಂಡಿ, ಸೋಸಿದ ಬೆಲ್ಲದ ಪಾಕವನ್ನು ಆರಿದ ಬಳಿಕ ಬೆರೆಸುತ್ತಾರೆ. ಬೆಲ್ಲ ಹಾಕಿ ಕುದಿಸಿದರೆ ಕಾಯಿಹಾಲು ಒಡೆಯುವ ಸಂಭವವಿದೆ. ಆಲೆಮನೆಗಳ ಜಿಲ್ಲೆಯಲ್ಲಿ ಬೆಲ್ಲದ ಆಯ್ಕೆಯೂ ಪಾಠದ ಭಾಗವೇ. ಮಾಂಸಾಹಾರಿಗಳ ಮನೆಯಲ್ಲಿ ಅದೇ ಶಾವಿಗೆಗೆ ನಾಟಿ ಕೋಳಿ ಸಾರು ಅಥವಾ ಕಾಲು ಸೂಪು ಜೊತೆಯಾಗುತ್ತದೆ. ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಸಾರ ತೆಗೆಯುವ ರಾಮೆನ್ ಅಡುಗೆಯವರಿಗೆ ಈ ಜೋಡಿ ವಿಚಿತ್ರವೆನಿಸದು.

ಒಂದೇ ಸೂತ್ರ, ಎರಡು ಧಾನ್ಯ

ಮೊದಲು ಬೇಯಿಸಿ ನಂತರ ರೂಪ ಕೊಡುವ ಈ ಸೂತ್ರ ಮಂಡ್ಯದ ನಿತ್ಯದ ಊಟದಲ್ಲಿಯೂ ಇದೆ. ರಾಗಿ ಮುದ್ದೆಯನ್ನು ಮಾಡುವುದೂ ಹೀಗೆಯೇ. ಕುದಿಯುವ ನೀರಿನ ನಡುವೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೆದಕದೆ ಬೇಯಲು ಬಿಟ್ಟು, ನಂತರ ಕೋಲಿನಿಂದ ತಿರುವುತ್ತಾರೆ. ಒದ್ದೆ ಬೆರಳಿಗೆ ಅಂಟದಿದ್ದರೆ ಹಿಟ್ಟು ಬೆಂದಿದೆ. ಅವಸರದಿಂದ ಮೊದಲೇ ತಿರುವಿದವರಿಗೆ ಸಿಗುವುದು ಒಳಗೆ ಹಸಿ ಹಿಟ್ಟಿನ ಗಂಟು. ಶಾವಿಗೆ ಕಲಿಯಬಯಸುವವರು ಮುದ್ದೆಯಿಂದ ಆರಂಭಿಸುವುದೇ ಸೂಕ್ತ. ಕೈ ಅದರಲ್ಲಿ ಪಳಗಿದರೆ ಅಕ್ಕಿ ಹಿಟ್ಟಿನ ಹದವೂ ತಿಳಿಯುತ್ತದೆ.

ಈ ಎರಡು ಧಾನ್ಯಗಳು ಒಂದೇ ತಟ್ಟೆಗೆ ಬಂದದ್ದರ ಹಿಂದೆ ಇತಿಹಾಸವಿದೆ. ಮಳೆಯನ್ನೇ ನಂಬಿದ್ದ ರಾಗಿಯ ನೆಲಕ್ಕೆ ಕೃಷ್ಣರಾಜಸಾಗರದ ನಾಲೆಯ ನೀರು 1930ರ ದಶಕದಲ್ಲಿ ಹರಿಯಿತು. ಇರ್ವಿನ್ ನಾಲೆಯೆಂದು ಕರೆಯಲಾಗುತ್ತಿದ್ದ ಅದಕ್ಕೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಗದ್ದೆಗಳು ಹೆಚ್ಚಿದವು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆದರೂ ರಾಗಿ ಹಿಂದೆ ಸರಿಯಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಬೆರೆಸಿ ರೂಪಿಸಿದ 'ಇಂಡಾಫ್' ರಾಗಿ ಹೆಚ್ಚು ಇಳುವರಿ ನೀಡಿತು. ಅವರನ್ನು ನಾಡು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆಯಿತು.

ಮದ್ದೂರು ವಡೆಯ ವಿರುದ್ಧ ಪಾಠ

ಮಂಡ್ಯದಿಂದ ಸುಮಾರು 20 ಕಿ.ಮೀ. ದೂರದ ಮದ್ದೂರಿನಲ್ಲಿ ಹಿಟ್ಟಿನ ಇನ್ನೊಂದು ಗುಣ ತಿಳಿಯುತ್ತದೆ. ಮದ್ದೂರು ವಡೆಗೆ ಬಳಸುವುದು ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ. ಇಲ್ಲಿ ಗೋಧಿಯೇನೋ ಇದೆ. ಆದರೆ ರಾಮೆನ್‌ಗೆ ಬೇಕಾದ ಬಿಗಿ ಇಲ್ಲಿ ಬೇಡ. ಆದ್ದರಿಂದ ಹಿಟ್ಟಿಗೆ ಮೊದಲು ಕಾದ ಎಣ್ಣೆ ಹಾಕಿ ಉಜ್ಜುತ್ತಾರೆ. ಜಿಡ್ಡು ಮೆತ್ತಿದ ಹಿಟ್ಟಿನಲ್ಲಿ ಗ್ಲುಟೆನ್ ಜಾಲ ಬೆಳೆಯದೆ ವಡೆ ಗರಿಗರಿಯಾಗಿ ಪುಡಿಯಾಗುತ್ತದೆ. ಉಪ್ಪು ಬೆರೆತ ಈರುಳ್ಳಿ ತಾನೇ ನೀರು ಬಿಡುವುದರಿಂದ ಮೇಲೆ ಚಿಮುಕಿಸುವ ನೀರು ಅತ್ಯಲ್ಪ. ನಾದುವುದಂತೂ ನಿಷಿದ್ಧ, ಕೂಡಿಸಿ ತಟ್ಟಿದರೆ ಸಾಕು. ಉರಿ ಹದವಾಗಿರಬೇಕು, ಇಲ್ಲದಿದ್ದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯುಳಿಯುತ್ತದೆ.

ಈ ವಡೆಯ ಹುಟ್ಟಿಗೆ ರೈಲು ಕಾರಣವೆಂಬುದು ಜನಜನಿತ ಕಥೆ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ನಿರೀಕ್ಷೆಗಿಂತ ಮೊದಲೇ ಬಂದ ದಿನವೊಂದರಲ್ಲಿ ಬೇಗ ಬೇಯಲೆಂದು ಪಕೋಡದ ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಕರಿದರಂತೆ. ಪ್ರಯಾಣಿಕರಿಗೆ ಅದೇ ರುಚಿಸಿತಂತೆ.

ನಿಲ್ಲದೆ ಸಾಗುವ ದಾರಿ

ಹೀಗೆ ಒಂದು ಊರಿನ ತಿನಿಸು ಪ್ರಯಾಣಿಕರು ನಿಂತದ್ದರಿಂದ ಹುಟ್ಟಿ, ನಿಲ್ಲುತ್ತಿದ್ದುದರಿಂದ ಬೆಳೆಯಿತು. ಮೊದಲು ರೈಲು ನಿಲ್ಲುತ್ತಿತ್ತು, ನಂತರ ಬಸ್ಸು, ಕಾರುಗಳು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಎರಡನ್ನೂ ಬದಿಗಿರಿಸಿ ಸಾಗುತ್ತದೆ. ಪ್ರಯಾಣದ ಸಮಯ ಉಳಿಯಿತು. ಆದರೆ ಹಳೆಯ ರಸ್ತೆಯ ಅಂಚಿನ ಉಪಾಹಾರ ಗೃಹಗಳಿಂದ ವ್ಯಾಪಾರ ಕುಸಿಯಿತೆಂಬ ಅಳಲು ಕೇಳಿಬಂತು.

ವಡೆಗೆ ಅಂಗಡಿಯಿದೆ, ಹೆಸರಿದೆ, ರೈಲಿನಲ್ಲಿ ಕೂಗಿ ಮಾರುವವರಿದ್ದಾರೆ. ಅದು ಹೇಗೋ ಉಳಿದೀತು. ಒತ್ತು ಶಾವಿಗೆಯ ಸ್ಥಿತಿ ಬೇರೆ. ಬಿಸಿಯಲ್ಲೇ ಒತ್ತಿ ಅಂದೇ ಉಣ್ಣಬೇಕಾದ ಅದನ್ನು ಪೊಟ್ಟಣ ಕಟ್ಟಿ ಮಾರುವುದು ಸುಲಭವಲ್ಲ. ಅಂಗಡಿಯಲ್ಲಿ ಸಿಗುವ ಒಣ ಶಾವಿಗೆ ಬೇರೆಯೇ ಪದಾರ್ಥ. ಅಕ್ಕಿಯ ಹದ, ಉಂಡೆಯ ಬಿಸಿ, ಸನ್ನೆಯ ಭಾರಗಳ ತಿಳಿವಳಿಕೆ ಇರುವುದು ಹಿರಿಯ ಹೆಂಗಸರ ಕೈಗಳಲ್ಲಿ. ಕೇಳಿ ಕಲಿಯುವವರು ಬಾರದಿದ್ದರೆ ಮರದ ಒರಳು ಅಟ್ಟ ಸೇರುತ್ತದೆ. ಆ ಕೈಗಳ ಕಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿದರೂ ಪ್ರಯೋಜನವಿಲ್ಲ.

ರಾಮೆನ್ ತರಗತಿಗಳಿಂದ ಕಲಿಯಬೇಕಾದದ್ದು ಇಲ್ಲಿದೆ. ನಿತ್ಯದ ಅಡುಗೆಯನ್ನು ಹಂತ ಹಂತವಾಗಿ ಬಿಡಿಸಿ, ಹೊಸಬರ ತಪ್ಪಿಗೆ ಸಮಯ ಕೊಟ್ಟು, ಕಲಿಸುವವರ ಶ್ರಮಕ್ಕೆ ಬೆಲೆ ಕಟ್ಟುವುದನ್ನು ಆ ತರಗತಿಗಳು ಸಾಧಿಸಿವೆ. ಅಡುಗೆಯ ಜ್ಞಾನ ಪುಕ್ಕಟೆಯೆಂಬ ಭಾವನೆ ಇರುವವರೆಗೆ ಅದನ್ನು ಉಳಿಸಿಕೊಳ್ಳುವ ಉತ್ಸಾಹ ಯಾರಿಗೂ ಬಾರದು.

ಕಲಿಯಬಯಸುವವರಿಗೆ

ಮದ್ದೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಸಾಗಿದರೆ ಮಳವಳ್ಳಿ. ಇಲ್ಲಿಗೆ ರೈಲಿಲ್ಲ, ದಶಪಥವೂ ಇಲ್ಲ. ಏಷ್ಯಾದ ಮೊದಲ ಜಲವಿದ್ಯುತ್ ಯೋಜನೆಗಳಲ್ಲೊಂದು 1902ರಲ್ಲಿ ಆರಂಭವಾದ ಶಿವನಸಮುದ್ರ ಈ ತಾಲ್ಲೂಕಿನಲ್ಲಿದೆ. ಗಗನಚುಕ್ಕಿ ನೋಡಲು ಬರುವವರು ಅಂದೇ ಹಿಂದಿರುಗುವುದೇ ಹೆಚ್ಚು. ಬದಲಿಗೆ ಒಂದು ರಾತ್ರಿ ಉಳಿದರೆ ಪಾಠಕ್ಕೆ ಸಮಯ ಸಿಗುತ್ತದೆ.

ಇದಕ್ಕೆ ಫಲಕ ಹಾಕಿದ ಶಾಲೆಯೇ ಬೇಕೆಂದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಅನೇಕರಿಗೆ ಈ ಸೀಮೆಯಲ್ಲಿ ಅಜ್ಜಿ, ಅತ್ತೆ, ದೊಡ್ಡಮ್ಮಂದಿರಿದ್ದಾರೆ. ನೆಂಟಸ್ತಿಕೆ ಇಲ್ಲದವರು ಪರಿಚಿತರ ಮೂಲಕ ಮುಂಚಿತವಾಗಿ ಕೇಳಿಕೊಂಡು ಹೋಗುವುದು ಒಳಿತು. ಹಿಟ್ಟು ಮೊದಲೇ ಸಿದ್ಧವಾಗಬೇಕಾದ್ದರಿಂದ ದಿಢೀರನೆ ಬಾಗಿಲು ತಟ್ಟಿದರೆ ಯಾರಿಗೂ ಅನುಕೂಲವಾಗದು. ಬಂಧುಗಳಲ್ಲದವರ ಮನೆಯಲ್ಲಿ ಕಲಿತರೆ ಸಾಮಗ್ರಿಯ ವೆಚ್ಚದ ಜೊತೆಗೆ ಕಲಿಸಿದ ಶ್ರಮಕ್ಕೂ ಗೌರವಧನ ಕೊಡುವುದು ನ್ಯಾಯ.

ಅಳತೆಯನ್ನು ಬರೆದುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಒತ್ತುವ ಸನ್ನೆಯ ಮೇಲೆ ಒಮ್ಮೆ ನೀವೇ ಭಾರ ಹಾಕಿ. ಮೊದಲ ಸಲ ಎಳೆ ತುಂಡಾದರೆ ನಿರಾಶೆ ಬೇಡ. ಕಾಯಿಹಾಲಿನಲ್ಲಿ ಬೆರೆಸಿದ ಮೇಲೆ ತುಂಡು ಶಾವಿಗೆಯ ರುಚಿಯೇನೂ ಕಡಿಮೆಯಾಗುವುದಿಲ್ಲ.